‘ಕನ್ನಡ’ಕ್ಕೆ ಐದು ಅಕ್ಷರ ಎನ್ನುವ ಪೈಥಾನ್

ಪ್ರಶ್ನೆ: ನಮ್ಮೂರಿನ ಹಾಲಿನ ಡೈರಿಯ ಲೆಕ್ಕಕ್ಕೆ ಪೈಥಾನ್‌ನಲ್ಲಿ ಒಂದು ಚಿಕ್ಕ ಪ್ರೋಗ್ರಾಮ್ ಬರೆಯುತ್ತಿದ್ದೇನೆ. ಸದಸ್ಯರ ಹೆಸರು, ಊರು, ಲೀಟರ್ ಎಲ್ಲವೂ ಕನ್ನಡದಲ್ಲೇ ಇರುವ ಸಿಎಸ್‌ವಿ (ಕಾಲಂಗಳ ನಡುವೆ ಅಲ್ಪವಿರಾಮ ಇರುವ) ಫೈಲಿದೆ. ಇಂಗ್ಲಿಷ್ ಉದಾಹರಣೆಗಳಲ್ಲಿ ಚೆನ್ನಾಗಿ ನಡೆಯುವ ಸ್ಟ್ರಿಂಗ್ ಫಂಕ್ಷನ್‌ಗಳು ಇಲ್ಲಿ ಕೈಕೊಡುತ್ತಿವೆ. ‘ಕನ್ನಡ’ ಪದದ ಉದ್ದ 5 ಎಂದು ಬರುತ್ತದೆ. ‘ಶ್ರೀನಿವಾಸ’ದ ಮೊದಲ ಅಕ್ಷರ ಕೇಳಿದರೆ ‘ಶ’ ಕೊಡುತ್ತದೆ. ಒಂದೇ ಥರ ಕಾಣುವ ಎರಡು ‘ಸಿದ್ದೇಗೌಡ’ ಸಮ ಅಲ್ಲ ಎನ್ನುತ್ತದೆ. ‘೧೨.೫’ ಎಂದು ಬರೆದಿರುವುದನ್ನು ಸಂಖ್ಯೆ ಮಾಡುವುದು ಹೇಗೆ? ಇದಕ್ಕೆಲ್ಲ ಬೇರೆ ಲೈಬ್ರರಿ ಹಾಕಿಕೊಳ್ಳಬೇಕಾ?

ಉತ್ತರ: ಫಂಕ್ಷನ್‌ಗಳು ಕೆಟ್ಟಿಲ್ಲ. ನೀವು ಕೇಳುತ್ತಿರುವುದು ಒಂದು, ಅವು ಎಣಿಸುತ್ತಿರುವುದು ಇನ್ನೊಂದು. ಪೈಥಾನ್ 3ರಲ್ಲಿ ಸ್ಟ್ರಿಂಗ್ ಅಂದರೆ ಯುನಿಕೋಡ್ ಕೋಡ್‌ಪಾಯಿಂಟ್‌ಗಳ ಸಾಲು, ಅಂದರೆ ಒಂದೊಂದು ಗುರುತಿಗೂ ಯುನಿಕೋಡ್ ಕೊಟ್ಟಿರುವ ಸಂಖ್ಯೆಗಳ ಸಾಲು. ನಾವು ಅಕ್ಷರ ಅನ್ನುವುದಕ್ಕೂ ಕೋಡ್‌ಪಾಯಿಂಟ್‌ಗೂ ಇಂಗ್ಲಿಷ್‌ನಲ್ಲಿ ಹೆಚ್ಚು ಕಡಿಮೆ ತಾಳೆಯಾಗುತ್ತದೆ. ಕನ್ನಡದಲ್ಲಿ ಆಗುವುದಿಲ್ಲ. ಇದೊಂದು ಗೊತ್ತಿದ್ದರೆ ನಿಮ್ಮ ಮುಕ್ಕಾಲು ಪಾಲು ತಲೆನೋವಿಗೆ ಕಾರಣ ಸಿಕ್ಕ ಹಾಗೆ.

ಮೊದಲೇ ಒಂದು ಮಾತು. ಫಂಕ್ಷನ್ ಹೆಸರುಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲೇ ಬರೆಯುತ್ತೇನೆ. ಟೈಪ್ ಮಾಡುವಾಗ ಅವುಗಳ ಇಂಗ್ಲಿಷ್ ಸ್ಪೆಲಿಂಗ್ ಹಾಕಿಕೊಳ್ಳಿ. ವೇರಿಯಬಲ್‌ಗಳನ್ನು ಮಾತ್ರ ನೀವು ನಿಜವಾಗಿಯೂ ಕನ್ನಡದಲ್ಲೇ ಇಡಬಹುದು. ಹೆಸರು, ಊರು, ಲೀಟರ್ ಎಂದೇ ಬರೆಯಿರಿ, ಪೈಥಾನ್ 3 ತಕರಾರು ಮಾಡುವುದಿಲ್ಲ.

ಈಗ ‘ಕನ್ನಡ’ ಪದವನ್ನು ಬಿಚ್ಚಿ ನೋಡೋಣ. ಅದಕ್ಕೆ ಲಿಸ್ಟ್() ಹಾಕಿ ಪ್ರಿಂಟ್ ಮಾಡಿ. ಬರುವುದು ಹೀಗೆ:

ಕ, ನ, ್, ನ, ಡ

ಐದು. ಮಧ್ಯದ್ದು ವಿರಾಮ, ಅಂದರೆ ವ್ಯಂಜನದ ಸ್ವರ ತೆಗೆಯುವ ‘್’ ಗುರುತು. ‘ನ್ನ’ ಅನ್ನುವ ಒತ್ತಕ್ಷರ ಕಂಪ್ಯೂಟರಿನೊಳಗೆ ನ, ವಿರಾಮ, ನ ಎಂಬ ಮೂರು ತುಂಡಾಗಿ ಕೂತಿದೆ. ಅದನ್ನು ಒಂದೇ ಆಕಾರವಾಗಿ ತೋರಿಸುವುದು ಫಾಂಟಿನ ಕೆಲಸ, ಸ್ಟ್ರಿಂಗಿಗೆ ಅದರ ಗೊಡವೆ ಇಲ್ಲ. ಹಾಗಾಗಿ ಲೆನ್() 5 ಅನ್ನುತ್ತದೆ. ಅದೇ ಪದವನ್ನು ಯುಟಿಎಫ್-8ಕ್ಕೆ (ಫೈಲಿನಲ್ಲಿ ಬರೆದಿಡುವ ಬೈಟ್ ರೂಪಕ್ಕೆ) ಎನ್‌ಕೋಡ್() ಮಾಡಿ ಲೆನ್() ಕೇಳಿದರೆ 15 ಬರುತ್ತದೆ. ಕನ್ನಡದ ಒಂದೊಂದು ಕೋಡ್‌ಪಾಯಿಂಟ್‌ಗೂ ಅಲ್ಲಿ 3 ಬೈಟ್ ಬೇಕು. ನಾವು ಎಣಿಸಿದರೆ 3, ಪೈಥಾನ್ ಎಣಿಸಿದರೆ 5, ಡಿಸ್ಕಿನ ಮೇಲೆ 15. ಮೂರೂ ಸರಿಯೇ. ಯಾವ ಕೆಲಸಕ್ಕೆ ಯಾವುದು ಬೇಕು ಅನ್ನುವುದನ್ನು ನೀವು ಹೇಳಬೇಕು.

ಅನುಮಾನ ಬಂದಾಗಲೆಲ್ಲ ಮೊದಲು ಲಿಸ್ಟ್() ಹಾಕಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಕಣ್ಣಿಗೆ ಕಾಣದ ಗುರುತುಗಳೂ ಒಳಗಿರಬಹುದು ಅನ್ನಿಸಿದರೆ ಆಸ್ಕಿ() ಹಾಕಿ. ಅದು ಪ್ರತಿಯೊಂದನ್ನೂ ಕೋಡ್ ಸಂಖ್ಯೆಯಾಗಿ ಬರೆದು ತೋರಿಸುತ್ತದೆ. ಪರದೆ ಮೇಲೆ ಪದ ಹೇಗೆ ಕಾಣುತ್ತದೆ ಅನ್ನುವುದನ್ನು ಮಾತ್ರ ನಂಬಬೇಡಿ.

ಪದವನ್ನು ತಿರುಗಿಸುವ [::-1] ಉಪಾಯ ಎಲ್ಲ ಪಾಠಗಳಲ್ಲೂ ಬರುತ್ತದೆ. ‘ಕನ್ನಡ’ಕ್ಕೆ ಹಾಕಿದರೆ ‘ಡನ್ನಕ’ ಬರುತ್ತದೆ. ಓಹೋ, ಸರಿಯಾಗೇ ಇದೆ ಅಂದುಕೊಳ್ಳುತ್ತೀರಿ. ಎರಡೂ ಕಡೆ ನ ಇರುವುದರಿಂದ ಅದೃಷ್ಟಕ್ಕೆ ಸರಿಬಂತು, ಅಷ್ಟೇ. ‘ಮೈಸೂರು’ ಹಾಕಿ ನೋಡಿ. ‘ುರೂಸೈಮ’ ಬರುತ್ತದೆ. ಮೊದಲಿಗೇ ಒಂದು ಕೊಂಬು ಅನಾಥವಾಗಿ ನಿಂತಿದೆ, ಉಳಿದ ಸ್ವರ ಚಿಹ್ನೆಗಳು ಪಕ್ಕದ ಮನೆ ಸೇರಿವೆ. ಕೋಡ್ ಸರಿ ಇದೆಯಾ ಅಂತ ನೋಡಲು ‘ಕನ್ನಡ’ ಪದ ಒಳ್ಳೆಯ ಉದಾಹರಣೆ ಅಲ್ಲವೇ ಅಲ್ಲ. ಯಾಕೋ ಎಲ್ಲರೂ ಅದನ್ನೇ ಹಾಕುತ್ತಾರೆ.

ನಿಮಗೆ ಬೇಕಿರುವುದು ಪದವನ್ನು ಅಕ್ಷರಗಳಾಗಿ ಬಿಡಿಸುವ ಒಂದು ಫಂಕ್ಷನ್. ಪೈಥಾನ್‌ನಲ್ಲಿ ಸಿದ್ಧವಾಗಿ ಸಿಗುವುದಿಲ್ಲ, ಬರೆಯಲು ಹತ್ತು ಸಾಲು ಸಾಕು. ಖಾಲಿ ಲಿಸ್ಟ್ ಇಟ್ಟುಕೊಳ್ಳಿ. ಪದದ ಕೋಡ್‌ಪಾಯಿಂಟ್‌ಗಳನ್ನು ಒಂದೊಂದಾಗಿ ತೆಗೆದುಕೊಳ್ಳಿ. ಅದು ಸ್ವರ ಚಿಹ್ನೆ, ವಿರಾಮ, ಅನುಸ್ವಾರ ಅಥವಾ ವಿಸರ್ಗ ಆಗಿದ್ದರೆ ಹಿಂದಿನ ತುಂಡಿಗೇ ಅಂಟಿಸಿ. ಯುನಿಕೋಡ್‌ಡೇಟಾ ಮಾಡ್ಯೂಲಿನ ಕೆಟಗರಿ() ಫಂಕ್ಷನ್ ಇವಕ್ಕೆಲ್ಲ ‘ಎಂ’ನಿಂದ ಶುರುವಾಗುವ ಗುರುತು ಕೊಡುತ್ತದೆ, ಗುರುತಿಸಲು ಅದೇ ಸಾಕು. ಬಂದಿರುವುದು ವ್ಯಂಜನವಾಗಿದ್ದು, ಹಿಂದಿನ ತುಂಡು ವಿರಾಮದಿಂದ ಮುಗಿದಿದ್ದರೆ ಅದನ್ನೂ ಅಲ್ಲಿಗೇ ಅಂಟಿಸಿ. ಇದು ಒತ್ತಕ್ಷರ. ಉಳಿದ ಎಲ್ಲಕ್ಕೂ ಹೊಸ ತುಂಡು ಶುರು ಮಾಡಿ.

‘ಶ್ರೀನಿವಾಸ’ ಹಾಕಿ ನಡೆಸಿ ನೋಡೋಣ. ಶ ಹೊಸ ತುಂಡು. ವಿರಾಮ ಅದಕ್ಕೆ ಅಂಟಿತು. ರ ಬಂತು, ಹಿಂದೆ ವಿರಾಮ ಇದೆ, ಅದೂ ಅಂಟಿತು. ೀ ಅಂಟಿತು. ನ ಬಂತು, ಹಿಂದೆ ವಿರಾಮ ಇಲ್ಲ, ಹೊಸ ತುಂಡು. ಹೀಗೆ ಒಂಬತ್ತು ಕೋಡ್‌ಪಾಯಿಂಟ್‌ಗಳು ಶ್ರೀ, ನಿ, ವಾ, ಸ ಎಂಬ ನಾಲ್ಕು ಅಕ್ಷರಗಳಾಗುತ್ತವೆ. ಮೊದಲ ಅಕ್ಷರ ಬೇಕಾದರೆ ಈ ಲಿಸ್ಟಿನ [0] ತೆಗೆದುಕೊಳ್ಳಿ, ಸ್ಟ್ರಿಂಗಿನ [0] ಅಲ್ಲ. ತಿರುಗಿಸಬೇಕಾದರೆ ಈ ಲಿಸ್ಟನ್ನು ತಿರುಗಿಸಿ ಜಾಯಿನ್() ಮಾಡಿ.

ಇದರಲ್ಲಿ ಒಂದು ಸೂಕ್ಷ್ಮ ಇದೆ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ಟ್ ಮತ್ತು ವೇ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಇರುತ್ತದೆ. ಒತ್ತು ಕೊಡಬೇಡ, ಬಿಡಿಸಿಯೇ ತೋರಿಸು ಎಂದು ಹೇಳುವ ಗುರುತು ಅದು. ಅದಕ್ಕೆ ಜೀರೋ ವಿಡ್ತ್ ನಾನ್ ಜಾಯ್ನರ್ ಎಂದು ಹೆಸರು. ‘ರ‍್ಯಾಂಕ್’ ಬರೆಯುವಾಗ ಅದರ ಜೋಡಿಯಾದ ಜಾಯ್ನರ್ ಬರುತ್ತದೆ. ಅದು ಇಲ್ಲದಿದ್ದರೆ ರ ಅರ್ಕಾವತ್ತಾಗಿ ‘ರ್ಯಾಂಕ್’ ಆಗಿಬಿಡುತ್ತದೆ. ಈ ಎರಡನ್ನೂ ಹಿಂದಿನ ತುಂಡಿಗೆ ಅಂಟಿಸಿಬಿಡಿ. ಆಗ ಸಾಫ್ಟ್‌ವೇರ್‌ನಲ್ಲಿ ವೇ ಬರುವ ಹೊತ್ತಿಗೆ ಹಿಂದಿನ ತುಂಡಿನ ಕೊನೆಯಲ್ಲಿ ವಿರಾಮ ಇರುವುದಿಲ್ಲ, ತಾನಾಗಿಯೇ ಹೊಸ ಅಕ್ಷರ ಶುರುವಾಗುತ್ತದೆ.

ಈಗ ನಿಮ್ಮ ಇಬ್ಬರು ಸಿದ್ದೇಗೌಡರ ವಿಷಯ. ಹೀಗೆ ಒಂದೇ ಥರ ಕಾಣುವ ಹೆಸರುಗಳು ಹೊಂದದೇ ಇರಲು ನನ್ನ ಊಹೆಯಲ್ಲಿ ಮೂರು ಕಾರಣ ಇರಬಹುದು. ಸಿದ್ದೇಗೌಡರಿಗೆ ಮೊದಲ ಎರಡು, ಅನುಸ್ವಾರ ಇರುವ ಹೆಸರುಗಳಿಗೆ ಮೂರನೆಯದೂ ಸೇರುತ್ತದೆ.

ಒಂದು: ‘ೇ’ ಅನ್ನು ಯುನಿಕೋಡ್‌ನಲ್ಲಿ ಎರಡು ಥರ ಇಡಬಹುದು. ಒಂದೇ ಕೋಡ್‌ಪಾಯಿಂಟ್ ಆಗಿ, ಇಲ್ಲವೇ ಎತ್ವ ಮತ್ತು ದೀರ್ಘದ ಗುರುತು ಎಂದು ಎರಡಾಗಿ. ಮೊದಲ ಥರ ಟೈಪಾದ ಸಿದ್ದೇಗೌಡನ ಉದ್ದ 9, ಎರಡನೇ ಥರದವನದು 10. ಪರದೆ ಮೇಲೆ ಇಬ್ಬರೂ ಒಂದೇ. ೀ, ೈ, ೊ, ೋ ಚಿಹ್ನೆಗಳದೂ ಇದೇ ಕತೆ. ಇದಕ್ಕೆ ಮದ್ದು ಯುನಿಕೋಡ್‌ಡೇಟಾದ ನಾರ್ಮಲೈಜ್() ಫಂಕ್ಷನ್. ಅದಕ್ಕೆ ‘ಎನ್‌ಎಫ್‌ಸಿ’ ಎಂದು ಹೇಳಿ ಸ್ಟ್ರಿಂಗ್ ಕೊಟ್ಟರೆ ಬಿಡಿಬಿಡಿಯಾಗಿ ಇದ್ದದ್ದನ್ನು ಒಂದಾಗಿ ಕೂಡಿಸಿ ಕೊಡುತ್ತದೆ. ಫೈಲ್ ಓದಿದ ಕೂಡಲೇ ಪ್ರತಿ ಸಾಲಿಗೂ ಇದನ್ನು ಹಾಕಿಬಿಡಿ.

ಎರಡು: ಹೆಸರಿನ ಹಿಂದೆ ಮುಂದೆ ಕಾಣದ ಕಸ ಅಂಟಿಕೊಂಡಿರುವುದು. ಸ್ಟ್ರಿಪ್() ಖಾಲಿ ಜಾಗ, ಟ್ಯಾಬ್, ಹೊಸಸಾಲು ತೆಗೆಯುತ್ತದೆ. ವೆಬ್ ಪುಟದಿಂದ ಕಾಪಿ ಮಾಡಿದಾಗ ಬರುವ ನಾನ್ ಬ್ರೇಕಿಂಗ್ ಸ್ಪೇಸ್ ಅನ್ನೂ ತೆಗೆಯುತ್ತದೆ. ಆದರೆ ಮೇಲೆ ಹೇಳಿದ ಜಾಯ್ನರ್‌ಗಳನ್ನು, ಜೀರೋ ವಿಡ್ತ್ ಸ್ಪೇಸ್ ಅನ್ನು ಮುಟ್ಟುವುದಿಲ್ಲ. ಪೈಥಾನ್ ಲೆಕ್ಕದಲ್ಲಿ ಅವು ಖಾಲಿ ಜಾಗವೇ ಅಲ್ಲ. ರಿಪ್ಲೇಸ್() ಹಾಕಿ ತೆಗೆಯಬಹುದು, ಆದರೆ ಮೂಲ ಹೆಸರಿನಿಂದ ತೆಗೆಯಬೇಡಿ, ಸಾಫ್ಟ್‌ವೇರ್ ಹೋಗಿ ಸಾಫ್ಟ್ವೇರ್ ಆಗುತ್ತದೆ. ನಾನಾದರೆ ಎರಡು ಕಾಲಂ ಇಡುತ್ತೇನೆ. ಒಂದು ತೋರಿಸಲು, ಬರೆದದ್ದು ಬರೆದ ಹಾಗೆ. ಇನ್ನೊಂದು ಹೋಲಿಸಲು, ಎಲ್ಲ ಒರೆಸಿ ತೊಳೆದು ಇಟ್ಟದ್ದು.

ಫೈಲಿನ ಮೊದಲ ಸಾಲಿನ ಮೊದಲ ಕಾಲಂ ಮಾತ್ರ ಹೊಂದುತ್ತಿಲ್ಲ ಅಂದರೆ ಬೇರೆ ಏನೂ ಹುಡುಕಬೇಡಿ. ಎಕ್ಸೆಲ್ ಯುಟಿಎಫ್-8 ಸಿಎಸ್‌ವಿ ಉಳಿಸುವಾಗ ಫೈಲಿನ ತಲೆಯಲ್ಲಿ ಒಂದು ಗುಪ್ತ ಗುರುತು ಇಡುತ್ತದೆ. ಓಪನ್() ಮಾಡುವಾಗ ಎನ್‌ಕೋಡಿಂಗ್ ‘ಯುಟಿಎಫ್-8-ಸಿಗ್’ ಎಂದು ಕೊಟ್ಟರೆ ಅದು ಹೋಗುತ್ತದೆ. ಬರೆಯುವಾಗಲೂ ಅದನ್ನೇ ಕೊಡಿ. ಇಲ್ಲದಿದ್ದರೆ ಡೈರಿಯಲ್ಲಿ ಯಾರಾದರೂ ಡಬಲ್ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆದಾಗ ಕನ್ನಡದ ಬದಲು ಕಿಚಡಿ ಕಾಣಿಸಬಹುದು.

ಮೂರನೆಯದು ನಮ್ಮಲ್ಲಿ ತುಂಬಾ ಜಾಸ್ತಿ. ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ! ‘ಬೆಂಗಳೂರು’ ಮತ್ತು ‘ಬೆ೦ಗಳೂರು’ ಎರಡನ್ನೂ ನೋಡಿ. ಎರಡನೆಯದರಲ್ಲಿ ಇರುವುದು ಅನುಸ್ವಾರ ಅಲ್ಲ, ಅಂಕಿ ೦. ಎಷ್ಟೋ ಫಾಂಟುಗಳಲ್ಲಿ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ನಾರ್ಮಲೈಜ್() ಇದನ್ನು ಸರಿ ಮಾಡುವುದಿಲ್ಲ, ಯುನಿಕೋಡ್ ಪ್ರಕಾರ ಅವು ಪೂರಾ ಬೇರೆ ಬೇರೆ. ಹೆಸರು ಮತ್ತು ಊರಿನ ಕಾಲಂನಲ್ಲಿ ಮಾತ್ರ ರಿಪ್ಲೇಸ್("೦", "ಂ") ಹಾಕಿ. ಲೀಟರ್ ಕಾಲಂಗೆ ಅಪ್ಪಿತಪ್ಪಿ ಹಾಕಿದರೆ ‘೧೦’ ಹೋಗಿ ‘೧ಂ’ ಆಗುತ್ತದೆ, ಆಮೇಲೆ ಲೆಕ್ಕ ಕೂಡುವುದಿಲ್ಲ.

ರಿಪ್ಲೇಸ್() ಇರಲಿ, ಸ್ಟ್ರಿಪ್() ಇರಲಿ, ಇದ್ದ ಸ್ಟ್ರಿಂಗನ್ನು ಬದಲಿಸುವುದಿಲ್ಲ, ಹೊಸದೊಂದು ಕೊಡುತ್ತವೆ. ಅದನ್ನು ಹಿಡಿದಿಟ್ಟುಕೊಳ್ಳದೆ ಸುಮ್ನೆ ಕರೆದು ಬಿಟ್ಟರೆ ಏನೂ ಆಗುವುದಿಲ್ಲ. ಇದು ಗೊತ್ತಿದ್ದೂ ಮರೆಯುವ ಸಂಗತಿ.

ಇವೆಲ್ಲ ಆದ ಮೇಲೂ ಸಿದ್ದೇಗೌಡ ಮತ್ತು ಸಿದ್ಧೇಗೌಡ ಬೇರೆಯಾಗಿಯೇ ಉಳಿಯುತ್ತಾರೆ. ಒಬ್ಬರೋ ಇಬ್ಬರೋ ಅನ್ನುವುದು ಡೈರಿಯಲ್ಲಿ ಕೂತವರಿಗೆ ಗೊತ್ತು, ಪೈಥಾನ್‌ಗೆ ಗೊತ್ತಿಲ್ಲ. ಹೆಸರಿನ ಮೇಲೆ ಲೆಕ್ಕ ಕಟ್ಟಬೇಡಿ. ಸದಸ್ಯ ಸಂಖ್ಯೆ ಇರುತ್ತದಲ್ವಾ, ಅದರ ಮೇಲೆ ಕಟ್ಟಿ.

ಸ್ಟ್ರಿಪ್() ಬಗ್ಗೆ ಇನ್ನೊಂದು ಎಚ್ಚರಿಕೆ. ಊರಿನ ಹೆಸರಿನ ಕೊನೆಯ ‘ನಗರ’ ತೆಗೆಯಲು ಆರ್‌ಸ್ಟ್ರಿಪ್("ನಗರ") ಎಂದು ಬರೆಯುವವರಿದ್ದಾರೆ. ‘ಜಯನಗರ’ಕ್ಕೆ ಹಾಕಿದರೆ ‘ಜಯ’ ಬರುತ್ತದೆ, ಖುಷಿಯಾಗುತ್ತದೆ. ‘ಶಂಕರನಗರ’ಕ್ಕೆ ಹಾಕಿದರೆ ‘ಶಂಕ’ ಬರುತ್ತದೆ. ಯಾಕೆಂದರೆ ಆರ್‌ಸ್ಟ್ರಿಪ್() ಹುಡುಕುವುದು ‘ನಗರ’ ಎಂಬ ಪದವನ್ನಲ್ಲ. ನ, ಗ, ರ ಈ ಮೂರರಲ್ಲಿ ಯಾವುದೇ ಆಗಲಿ, ಬಲಗಡೆಯಿಂದ ಸಿಕ್ಕಷ್ಟನ್ನೂ ತಿನ್ನುತ್ತಾ ಹೋಗುತ್ತದೆ. ಶಂಕರನ ರ ಕೂಡ ಹೋಯಿತು. ಪೈಥಾನ್ 3.9ರಿಂದ ರಿಮೂವ್‌ಸಫಿಕ್ಸ್() ಮತ್ತು ರಿಮೂವ್‌ಪ್ರಿಫಿಕ್ಸ್() ಬಂದಿವೆ. ಅವು ನಿಮಗೆ ಬೇಕಾದ ಕೆಲಸವನ್ನೇ ಮಾಡುತ್ತವೆ.

ಅಂಕಿಗಳ ವಿಷಯಕ್ಕೆ ಬಂದರೆ ಒಳ್ಳೆಯ ಸುದ್ದಿ ಇದೆ. ಇಂಟ್("೧೨೩") ಎಂದರೆ 123 ಬರುತ್ತದೆ. ಫ್ಲೋಟ್("೧೨.೫") ಎಂದರೆ 12.5 ಬರುತ್ತದೆ. ನೀವು ಏನೂ ಮಾಡಬೇಕಿಲ್ಲ. ಕನ್ನಡದ ೧ಕ್ಕೆ ಬೆಲೆ ಒಂದು ಎಂದು ಯುನಿಕೋಡ್ ಕೋಷ್ಟಕದಲ್ಲಿ ಬರೆದಿದೆ, ಪೈಥಾನ್ ಅದನ್ನು ನೋಡಿಯೇ ಪರಿವರ್ತನೆ ಮಾಡುತ್ತದೆ. ಎಲ್ಲ ಭಾಷೆಗಳೂ ಇಷ್ಟು ಸಹಾಯ ಮಾಡುವುದಿಲ್ಲ. ಜಾವಾಸ್ಕ್ರಿಪ್ಟ್‌ನಲ್ಲಿ ಇದೇ ‘೧೨೩’ ಅನ್ನು ನಂಬರ್() ಮಾಡಲು ಹೋದರೆ ‘ಸಂಖ್ಯೆಯೇ ಅಲ್ಲ’ ಎಂಬ ಉತ್ತರ ಬರುತ್ತದೆ.

ತೊಂದರೆ ಆಗುವುದು ಅಂಕಿಯ ಅಕ್ಕಪಕ್ಕ ಇರುವುದರಿಂದ. ‘೧೨.೫ ಲೀ’, ‘೧,೨೫,೦೦೦’, ‘೪೫೦/-’ ಇವೆಲ್ಲ ವ್ಯಾಲ್ಯೂಎರರ್ ಕೊಡುತ್ತವೆ. ಅಲ್ಪವಿರಾಮವನ್ನು ರಿಪ್ಲೇಸ್() ಹಾಕಿ ತೆಗೆಯಿರಿ, ‘ಲೀ’ ಮತ್ತು ‘/-’ ಅನ್ನು ರಿಮೂವ್‌ಸಫಿಕ್ಸ್() ಹಾಕಿ ತೆಗೆಯಿರಿ. ಆಮೇಲೆ ಪರಿವರ್ತಿಸಿ. ಮೊದಲು ಈಸ್‌ಡಿಜಿಟ್() ಹಾಕಿ ನೋಡಿ ಆಮೇಲೆ ಇಂಟ್() ಮಾಡುತ್ತೇನೆ ಅನ್ನಬೇಡಿ. ಅದು ವರ್ಗದ ಚಿಹ್ನೆ ‘²’ಕ್ಕೂ ಹೌದು ಅನ್ನುತ್ತದೆ, ಇಂಟ್() ಅದನ್ನು ಒಪ್ಪುವುದಿಲ್ಲ. ‘-೫’ಕ್ಕೆ ಅಲ್ಲ ಅನ್ನುತ್ತದೆ, ಇಂಟ್() ಅದನ್ನು ಒಪ್ಪುತ್ತದೆ. ನೇರವಾಗಿ ಟ್ರೈ, ಎಕ್ಸೆಪ್ಟ್ ಹಾಕಿ ಪರಿವರ್ತಿಸಿ ನೋಡುವುದೇ ಸುಲಭ.

ಎಕ್ಸೆಪ್ಟ್ ಒಳಗೆ ಸುಮ್ನೆ 0 ಹಾಕಿ ಮುಂದೆ ಹೋಗುವ ಆಸೆಯಾಗುತ್ತದೆ. ದಯವಿಟ್ಟು ಬೇಡ. ಆ ಹೊತ್ತು ಹಾಲು ಹಾಕದೇ ಇದ್ದವರದೂ 0, ಹನ್ನೆರಡು ಲೀಟರ್ ಹಾಕಿದ್ದು ಟೈಪಿಂಗ್ ತಪ್ಪಾದವರದೂ 0 ಆಗಿಬಿಟ್ಟರೆ ಬಟವಾಡೆ ದಿನ ಜಗಳ ನಿಮ್ಮ ಮೇಲೆ ಬರುತ್ತದೆ. ಪರಿವರ್ತನೆ ಆಗದ ಸಾಲುಗಳನ್ನು ಸಾಲಿನ ಸಂಖ್ಯೆ ಸಮೇತ ಬೇರೆ ಲಿಸ್ಟಿನಲ್ಲಿ ಇಟ್ಟು ಕೊನೆಗೆ ಪ್ರಿಂಟ್ ಮಾಡಿ. ಹಾಗೆಯೇ ದುಡ್ಡಿನ ಲೆಕ್ಕಕ್ಕೆ ಫ್ಲೋಟ್() ಬೇಡ, ಡೆಸಿಮಲ್() ಇರಲಿ. ಫ್ಲೋಟ್‌ನಲ್ಲಿ 0.1ಕ್ಕೆ 0.2 ಕೂಡಿಸಿದರೆ ಸರಿಯಾಗಿ 0.3 ಬರುವುದಿಲ್ಲ. ಡೆಸಿಮಲ್() ಕೂಡ ಕನ್ನಡ ಅಂಕಿಗಳನ್ನು ಹಾಗೇ ತೆಗೆದುಕೊಳ್ಳುತ್ತದೆ. ಫೋನ್ ನಂಬರ್, ಪಿನ್‌ಕೋಡ್, ಬ್ಯಾಂಕ್ ಖಾತೆ ಇವುಗಳನ್ನು ಮಾತ್ರ ಸಂಖ್ಯೆ ಮಾಡಲೇಬೇಡಿ. ಅವು ಅಂಕಿಯಲ್ಲಿ ಬರೆದ ಹೆಸರುಗಳು, ಕೂಡಿ ಕಳೆಯುವಂಥವಲ್ಲ. 080ರ ಮೊದಲ ಸೊನ್ನೆ ಇಂಟ್() ಮಾಡಿದ ಕೂಡಲೇ ಹೋಗುತ್ತದೆ.

ಸಂಖ್ಯೆಯನ್ನು ಮತ್ತೆ ಕನ್ನಡ ಅಂಕಿಯಲ್ಲಿ ಬರೆಯುವಾಗ ಈ ಸೌಕರ್ಯ ಇಲ್ಲ. ಸ್ಟ್ರ್(123) ಎಂದರೆ ‘123’ ಬರುತ್ತದೆ. ಮೇಕ್‌ಟ್ರಾನ್ಸ್("0123456789", "೦೧೨೩೪೫೬೭೮೯") ಎಂದು ಒಂದು ಪಟ್ಟಿ ಮಾಡಿಟ್ಟುಕೊಂಡು ಟ್ರಾನ್ಸ್‌ಲೇಟ್() ಹಾಕಿ, ಒಂದೇ ಸಲಕ್ಕೆ ಎಲ್ಲ ಬದಲಾಗುತ್ತದೆ. ಹತ್ತು ಸಲ ರಿಪ್ಲೇಸ್() ಬರೆಯುವ ಕಷ್ಟ ಬೇಡ. ಇದನ್ನು ಕಟ್ಟಕಡೆಗೆ ಮಾಡಿ. ಮೊದಲೇ ಬದಲಿಸಿ ಆಮೇಲೆ ಝಡ್‌ಫಿಲ್(3) ಹಾಕಿದರೆ ‘೭’ ಹೋಗಿ ‘00೭’ ಆಗುತ್ತದೆ, ಅದು ತುಂಬುವುದು ಇಂಗ್ಲಿಷ್ ಸೊನ್ನೆ.

ಲಕ್ಷದ ಅಲ್ಪವಿರಾಮವೂ ಹಾಗೆಯೇ. ಎಫ್‌ಸ್ಟ್ರಿಂಗ್‌ನಲ್ಲಿ ಸಂಖ್ಯೆಯ ಪಕ್ಕ :, ಹಾಕಿದರೆ 125,000 ಎಂದು ಮೂರು ಮೂರಾಗಿ ಒಡೆಯುತ್ತದೆ. ನಮಗೆ 1,25,000 ಬೇಕು. ಕೊನೆಯ ಮೂರು ಅಂಕಿಯನ್ನು [-3:] ಎಂದು ಬೇರೆ ಇಟ್ಟುಕೊಂಡು, ಉಳಿದದ್ದನ್ನು ಬಲದಿಂದ ಎರಡೆರಡಾಗಿ ಕತ್ತರಿಸಿ, ಕೊನೆಗೆ ಅಲ್ಪವಿರಾಮ ಹಾಕಿ ಜಾಯಿನ್() ಮಾಡಿ. ಲೊಕೇಲ್ ಮಾಡ್ಯೂಲ್ ಇದನ್ನು ಮಾಡಬಲ್ಲದು, ಆದರೆ ಅದು ಆಯಾ ಕಂಪ್ಯೂಟರಿನ ಸೆಟ್ಟಿಂಗ್ ಮೇಲೆ ನಿಂತಿದೆ. ನಿಮ್ಮ ಮನೆಯಲ್ಲಿ ಸರಿ ಬಂದದ್ದು ಡೈರಿಯ ಕಂಪ್ಯೂಟರಿನಲ್ಲಿ ಬರದೇ ಹೋಗಬಹುದು.

ಹೆಸರು ಸರಿ ಇದೆಯಾ ಎಂದು ನೋಡಲು ಈಸ್‌ಆಲ್ಫಾ() ಬಳಸುವ ಯೋಚನೆ ಇದ್ದರೆ ಬಿಟ್ಟುಬಿಡಿ. ಸ್ವರ ಚಿಹ್ನೆಯೂ ವಿರಾಮವೂ ಅದರ ಲೆಕ್ಕದಲ್ಲಿ ಅಕ್ಷರ ಅಲ್ಲ. ‘ಕಮಲ’ ಪಾಸು, ‘ಸರೋಜ’ ಫೇಲು! ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ (ಮಾದರಿ ಕೊಟ್ಟು ಹುಡುಕುವ ವಿಧಾನದಲ್ಲಿ) ಪದದ ಅಕ್ಷರಕ್ಕೆ ಬಳಸುವ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯು ಕೂಡ ಪೈಥಾನ್ ಜೊತೆ ಬರುವ ‘ಆರ್‌ಇ’ ಮಾಡ್ಯೂಲಿನಲ್ಲಿ ಇದೇ ದಾರಿ ಹಿಡಿಯುತ್ತದೆ. ‘ಮೈಸೂರು’ ಎಂಬ ಒಂದು ಪದ ಹುಡುಕಲು ಹೋದರೆ ಮ, ಸ, ರ ಎಂದು ಮೂರು ಚೂರು ಕೊಡುತ್ತದೆ. ಅದರ ಬದಲು ಚೌಕ ಕಂಸದೊಳಗೆ ಕನ್ನಡದ ಕೋಡ್ ವ್ಯಾಪ್ತಿಯನ್ನೇ ಕೊಡಿ, ಜೊತೆಗೆ ಎರಡು ಜಾಯ್ನರ್‌ಗಳನ್ನೂ ಸೇರಿಸಿ.

ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸುವಾಗ ಸಾರ್ಟೆಡ್() ಬಹುಪಾಲು ಸರಿಯಾಗೇ ಕೆಲಸ ಮಾಡುತ್ತದೆ. ಎದ್ದು ಕಾಣುವ ಎಡವಟ್ಟು ಳ ಅಕ್ಷರದ್ದು. ನಮ್ಮ ವರ್ಣಮಾಲೆಯಲ್ಲಿ ಅದು ಹ ಆದ ಮೇಲೆ ಬರುತ್ತದೆ, ಯುನಿಕೋಡ್‌ನಲ್ಲಿ ಲ ಪಕ್ಕದಲ್ಲೇ ಕೂತಿದೆ. ಹಾಗಾಗಿ ‘ಕಳಸ’ ‘ಕವಲು’ವಿಗಿಂತ ಮೊದಲು ಬರುತ್ತದೆ. ಸಾರ್ಟೆಡ್()ನ ಕೀ ಜಾಗದಲ್ಲಿ ಳವನ್ನು ಸಿಎಚ್‌ಆರ್(ಓಆರ್‌ಡಿ("ಹ") + 1) ಎಂದು ಬದಲಿಸುವ ಫಂಕ್ಷನ್ ಕೊಡಿ. ಹ ಆದ ಮೇಲಿನ ಆ ಜಾಗ ಯುನಿಕೋಡ್‌ನಲ್ಲಿ ಖಾಲಿ ಇದೆ. ಜೋಡಿಸಲು ಮಾತ್ರ ಬಳಸಿ, ಫೈಲಿಗೆ ಬರೆಯಬೇಡಿ.

ಸದಸ್ಯರಿಗೆ ಎಸ್ಸೆಮ್ಮೆಸ್ ಕಳಿಸುವ ಯೋಚನೆ ಇದ್ದರೆ ಲೆನ್() ಕೊಡುವ ಸಂಖ್ಯೆಯೇ ಬೇಕು. ಇಂಗ್ಲಿಷ್ ಸಂದೇಶ 160ರವರೆಗೆ ಹಿಡಿದರೆ ಕನ್ನಡದ್ದು 70ಕ್ಕೆ ಮುಗಿಯುತ್ತದೆ. ಅಲ್ಲಿ ಎಣಿಸುವುದು ಕೋಡ್‌ಪಾಯಿಂಟ್‌ಗಳನ್ನು, ಅಕ್ಷರಗಳನ್ನಲ್ಲ. ಕತ್ತರಿಸಬೇಕಾದರೆ ಮಾತ್ರ [:70] ಎಂದು ಕತ್ತರಿಸಬೇಡಿ, ಒತ್ತಕ್ಷರದ ಮಧ್ಯೆ ಕತ್ತರಿ ಬೀಳಬಹುದು. ಅಕ್ಷರಗಳ ಲಿಸ್ಟಿನಿಂದ ಒಂದೊಂದೇ ಸೇರಿಸುತ್ತಾ ಉದ್ದ 70 ದಾಟುವ ಮೊದಲು ನಿಲ್ಲಿಸಿ.

ಡೈರಿಯ ಹಳೆಯ ಪಟ್ಟಿಗಳು ‘ನುಡಿ’ ಅಥವಾ ‘ಬರಹ’ ತಂತ್ರಾಂಶಗಳ ಹಳೇ ಫಾಂಟ್‌ಗಳಲ್ಲಿ ಇದ್ದರೆ ಈ ಯಾವುದೂ ನಡೆಯುವುದಿಲ್ಲ. ಅಲ್ಲಿ ಇರುವುದು ಕನ್ನಡವೇ ಅಲ್ಲ, ಕನ್ನಡದ ಹಾಗೆ ಕಾಣುವ ಲ್ಯಾಟಿನ್ ಗುರುತುಗಳು. ಮೊದಲು ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಅದಕ್ಕೆಂದೇ ಇರುವ ಕನ್ವರ್ಟರ್ ಬಳಸಿ, ನೀವೇ ರಿಪ್ಲೇಸ್() ಸರಪಳಿ ಬರೆಯಲು ಕೂರಬೇಡಿ. ಅರ್ಕಾವತ್ತು, ಒತ್ತುಗಳ ಜಾಗ ಹಿಂದೆ ಮುಂದೆ ಇರುವುದರಿಂದ ಬರೀ ಬದಲಿಸಿದರೆ ಸಾಲದು.

ಇನ್ನು ಲೈಬ್ರರಿ ಬೇಕಾ ಎಂದು ಕೇಳಿದ್ದೀರಿ. ಹೆಸರು ಜೋಡಿಸುವುದು, ಲೀಟರ್ ಕೂಡಿಸುವುದು, ಚೀಟಿ ಪ್ರಿಂಟ್ ಮಾಡುವುದು ಇಷ್ಟಕ್ಕೆ ಬೇಡ. ಯುನಿಕೋಡ್‌ಡೇಟಾ, ಡೆಸಿಮಲ್, ಸಿಎಸ್‌ವಿ ಮೂರೂ ಪೈಥಾನ್ ಜೊತೆಗೇ ಬರುತ್ತವೆ. ನಿಘಂಟಿನಷ್ಟು ಕಟ್ಟುನಿಟ್ಟಾಗಿ ಜೋಡಿಸಬೇಕು ಅಂದರೆ ಪೈಐಸಿಯು ಎಂಬ ಹೊರಗಿನ ಲೈಬ್ರರಿ ನೋಡಿ. ಸಿಎಸ್‌ವಿ ಸಾಲನ್ನು ಸ್ಪ್ಲಿಟ್(",") ಹಾಕಿ ಒಡೆಯುವ ಬದಲು ಆ ಸಿಎಸ್‌ವಿ ಮಾಡ್ಯೂಲನ್ನೇ ಬಳಸಿ. ‘೧,೨೫,೦೦೦’ ಎಂದು ಉದ್ಧರಣ ಚಿಹ್ನೆಯೊಳಗೆ ಬರೆದ ಮೊತ್ತ ಸ್ಪ್ಲಿಟ್() ಕೈಗೆ ಸಿಕ್ಕರೆ ಮೂರು ಕಾಲಂ ಆಗಿ ಹರಿದುಹೋಗುತ್ತದೆ.